ನೂರು ಡಾಲರಿಗೆ ಬಿಟ್ಟುಕೊಟ್ಟ ಆಟಗಾರ

ನಾನು ಅಮೆರಿಕದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್‌ಗೆ ಬಂದ ಮೊದಲ ಅಕ್ಟೋಬರ್. ಆಫೀಸಿನ ಗೆಳೆಯನೊಬ್ಬ ಮ್ಯಾರಥಾನ್ ಓಡುವವನಿದ್ದ. "ರಸ್ತೆ ಬದಿ ಬಂದು ನಿಂತ್ಕೊ. ಗಂಟೆ ಬಾರಿಸು, ಕೂಗು, ಏನಾದ್ರೂ ಮಾಡು" ಅಂದಿದ್ದ. ಭಾನುವಾರ ಬೆಳಗ್ಗೆ ಊರಿಂದ ತಂದಿದ್ದ ಒಂದೇ ಒಂದು ಸ್ವೆಟರ್ ಏರಿಸಿಕೊಂಡು, ಕಾಫಿ ಲೋಟಕ್ಕೆ ಎರಡೂ ಕೈ ಸುತ್ತಿ ಹಿಡಿದು, ಮೂರನೇ ಮೈಲಿಯ ಆಸುಪಾಸಿನಲ್ಲಿ ನಿಂತಿದ್ದೆ. ಅದು ಚಳಿಯೇ ಅಲ್ಲ, ಬರೀ ಚಳಿಯ ಪೀಠಿಕೆ ಅಂತ ಜನವರಿಯಲ್ಲಿ ಗೊತ್ತಾಯಿತು. ಆ ಮಾತು ಬೇರೆ.

ಓಟಗಾರರು ಬರುವ ದಿಕ್ಕಿನಿಂದ ಒಂದು ಸದ್ದು. ಭೋಂ, ಭೋಂ, ಭೋಂ. ಹಳ್ಳಿಯ ಜಾತ್ರೆಯಲ್ಲಿ ಕೊಂಬು ಊದಿದ ಹಾಗೆ, ಆದರೆ ಇನ್ನೂ ದಪ್ಪ ದನಿ, ಎದೆಗೂಡಿನೊಳಗೆ ಬಂದು ಕೂರುವಂಥದು. ನಾಲ್ಕು ಹೆಜ್ಜೆ ಮುಂದೆ ಹೋಗಿ ನೋಡಿದೆ. ಎತ್ತರದ, ಅಗಲ ಭುಜದ ಹಿರಿಯರೊಬ್ಬರು. ಮೈಗೆ ಹೆಬ್ಬಾವು ಸುತ್ತಿಕೊಂಡಂಥ ಹಿತ್ತಾಳೆ ವಾದ್ಯ. ಅದರ ಬಾಯಿ ನಮ್ಮ ಮನೆಯ ಕೊಪ್ಪರಿಗೆಯಷ್ಟು ದೊಡ್ಡದು. ಸೂಸಫೋನ್ ಅಂತಾರೆ ಅದಕ್ಕೆ. ಓಡುವವರೆಲ್ಲ ಅವರತ್ತ ಕೈ ಬೀಸಿಕೊಂಡೇ ಮುಂದೆ ಹೋಗುತ್ತಿದ್ದರು.

ಪಕ್ಕದಲ್ಲಿ ಮಡಿಚುವ ಕುರ್ಚಿ ಹಾಕಿಕೊಂಡು ಕೂತಿದ್ದ ಅಜ್ಜಿಯನ್ನು ಕೇಳಿದೆ, ಯಾರವರು ಅಂತ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಜಸ್ಟಿಸ್ ಪೇಜ್. ನಮ್ಮ ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ. ಅದಕ್ಕೂ ಮುಂಚೆ ವೈಕಿಂಗ್ಸ್‌ನಲ್ಲಿ ಆಡ್ತಿದ್ರು." ಎರಡೂ ವಾಕ್ಯ ಒಂದೇ ಉಸಿರಿನಲ್ಲಿ ಬಂದವು. ನನಗೆ ಮಾತ್ರ ಒಂದಕ್ಕೊಂದು ಕೂಡಿಬರಲಿಲ್ಲ. ಜಡ್ಜ್ ಸಾಹೇಬರು ರಸ್ತೆ ಬದಿ ನಿಂತು ಕೊಂಬೂದುವುದನ್ನೇ ಜೀರ್ಣಿಸಿಕೊಳ್ಳಲು ಹೆಣಗುತ್ತಿದ್ದವನು ನಾನು. ಅದರ ಮೇಲೆ ಫುಟ್‌ಬಾಲ್ ಬೇರೆ.

ಅಲನ್ ಪೇಜ್ ನನ್ನ ತಲೆಯೊಳಗೆ ಬಂದದ್ದು ಹೀಗೆ. ಆಮೇಲೆ ಹೋಗಲಿಲ್ಲ.

ಆಟದ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗದು. ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡು ಕೈಯಲ್ಲಿರುವ ತಂಡಕ್ಕೆ ಹತ್ತು ಗಜ ಮುಂದೆ ಸರಿಯಲು ನಾಲ್ಕು ಅವಕಾಶ. ಕ್ವಾರ್ಟರ್‌ಬ್ಯಾಕ್ ಎಂಬವನು ಚೆಂಡು ಹಿಡಿದು ಎಸೆಯುತ್ತಾನೆ, ಇಲ್ಲವೇ ಓಡುವವನ ಕೈಗೆ ಕೊಡುತ್ತಾನೆ. ಅವನನ್ನು ಕಾಯಲು ಮುಂದೆ ಐವರು ಗೋಡೆ ಕಟ್ಟಿರುತ್ತಾರೆ. ಆ ಗೋಡೆ ಒಡೆದು ಒಳನುಗ್ಗುವುದು ಡಿಫೆನ್ಸ್‌ನವರ ಕೆಲಸ. ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವುದರೊಳಗೆ ಅವನನ್ನು ಕೆಡವಿದರೆ ಅದು 'ಸ್ಯಾಕ್'. ಇದಕ್ಕೆಲ್ಲ ಸಿಗುವುದು ಎರಡು ಮೂರು ಸೆಕೆಂಡು. ಗೋಡೆಯ ನಟ್ಟನಡುವೆ, ಅತಿ ಹೆಚ್ಚು ಮಂದಿ ಅತಿ ಕಡಿಮೆ ಜಾಗದಲ್ಲಿ ಗುದ್ದಾಡುವ ಕಡೆ ನಿಲ್ಲುವವನು ಡಿಫೆನ್ಸಿವ್ ಟ್ಯಾಕಲ್. ಕಬಡ್ಡಿಯಲ್ಲಿ ರೈಡರ್ ಹೆಸರು ಊರಿಗೆಲ್ಲ ಗೊತ್ತು, ಅವನ ಕಾಲು ಹಿಡಿದವನ ಹೆಸರು ಅಂಕಣ ದಾಟುವುದಿಲ್ಲವಲ್ಲ, ಹಾಗೆಯೇ ಇದು. ಅವನ ಕೆಲಸ ಚೆನ್ನಾಗಿ ನಡೆದರೆ ಮೈದಾನದಲ್ಲಿ ಏನೂ ಆಗಿರುವುದಿಲ್ಲ. ಅದೇ ಅವನ ಸಾಧನೆ.

ಪೇಜ್ ಹುಟ್ಟಿದ್ದು 1945ರಲ್ಲಿ, ಒಹಾಯೊ ರಾಜ್ಯದ ಕ್ಯಾಂಟನ್‌ನಲ್ಲಿ. ಉಕ್ಕಿನ ಕಾರ್ಖಾನೆಗಳ ಊರು. ಅಲ್ಲಿನ ಕಪ್ಪು ಹುಡುಗನಿಗೆ ಮುಂದಿನ ದಾರಿ ಅಂದರೆ ಕಾರ್ಖಾನೆಯ ಗೇಟು. ಹದಿಮೂರನೇ ವಯಸ್ಸಿಗೆ ತಾಯಿ ತೀರಿಕೊಂಡರು. ಶಾಲೆಗಳಲ್ಲಿ ಕಪ್ಪು ಮಕ್ಕಳನ್ನು ಬೇರೆ ಕೂರಿಸುವುದು ಸಂವಿಧಾನಕ್ಕೆ ವಿರುದ್ಧ ಎಂದು 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ ಅವರಿಗೆ ಎಂಟು ವರ್ಷ. ಕಾನೂನಿಗೆ ಇಷ್ಟು ತಾಕತ್ತಿದೆಯೇ ಎಂದು ಅನಿಸಿದ್ದು ಆಗಲೇ ಎಂದು ಮುಂದೆ ಹೇಳಿಕೊಂಡಿದ್ದಾರೆ. ವಕೀಲರಾದರೆ ಕೈತುಂಬ ದುಡ್ಡು, ಮಧ್ಯಾಹ್ನದ ಮೇಲೆ ಗಾಲ್ಫ್ ಎಂಬ ಭ್ರಮೆಯೂ ಜೊತೆಗಿತ್ತಂತೆ. ಅದನ್ನು ಒಪ್ಪಿಕೊಳ್ಳುವವರು ಕಡಿಮೆ. ನನಗೆ ಅವರು ಹಿಡಿಸಿದ್ದಕ್ಕೆ ಅದೂ ಒಂದು ಕಾರಣ.

ಇದೇ ಕ್ಯಾಂಟನ್‌ನಲ್ಲಿ 1963ರಲ್ಲಿ ವೃತ್ತಿಪರ ಫುಟ್‌ಬಾಲಿನ ಹಾಲ್ ಆಫ್ ಫೇಮ್ ಶುರುವಾಯಿತು. ಆಟದ ಮಹಾನುಭಾವರ ಕಂಚಿನ ತಲೆಗಳನ್ನು ಸಾಲಾಗಿ ಇಡುವ ಕಟ್ಟಡ. ಅದನ್ನು ಕಟ್ಟುವಾಗ ಕೂಲಿ ಕೆಲಸಕ್ಕೆ ಹೋದ ಹುಡುಗರಲ್ಲಿ ಪೇಜ್ ಒಬ್ಬರು. ಇಪ್ಪತ್ತೈದು ವರ್ಷದ ನಂತರ, 1988ರಲ್ಲಿ, ಅವರದೇ ಕಂಚಿನ ತಲೆ ಅದೇ ಕಟ್ಟಡದೊಳಗೆ ಬಂತು. ಕತೆಗಾರ ಬರೆದಿದ್ದರೆ 'ಇದು ಸ್ವಲ್ಪ ಜಾಸ್ತಿಯಾಯ್ತು' ಅಂತ ಸಂಪಾದಕರು ಹೊಡೆದುಹಾಕುತ್ತಿದ್ದರು.

ನಾಟ್ರ ಡೇಮ್ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಓದು, 1966ರ ರಾಷ್ಟ್ರೀಯ ಚಾಂಪಿಯನ್ ತಂಡದಲ್ಲಿ ಸ್ಥಾನ, 1967ರ ಡ್ರಾಫ್ಟ್‌ನ (ಕಾಲೇಜು ಆಟಗಾರರನ್ನು ವೃತ್ತಿಪರ ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುವ ಏರ್ಪಾಡು) ಮೊದಲ ಸುತ್ತಿನಲ್ಲಿ 15ನೆಯವರಾಗಿ ಮಿನೆಸೋಟ ವೈಕಿಂಗ್ಸ್ ಪಾಲು. ಕಾಲೇಜಿನಲ್ಲಿ ಸಾಲಿನ ತುದಿಯಲ್ಲಿ ಆಡುತ್ತಿದ್ದವರನ್ನು ವೈಕಿಂಗ್ಸ್ ನಡುವಿಗೆ ತಂದು ನಿಲ್ಲಿಸಿತು. ಸುಮಾರು 245 ಪೌಂಡ್, ಅಂದರೆ 111 ಕಿಲೊ. ನಮಗೆ ದೈತ್ಯ ಅನ್ನಿಸುತ್ತದೆ, ಆದರೆ ಆ ಜಾಗಕ್ಕೆ ಅದು ದೊಡ್ಡ ಮೈಯಲ್ಲ. ಅವರ ಬಂಡವಾಳ ವೇಗ. ಚೆಂಡು ಅಲುಗಿದ ಕ್ಷಣವೇ ಅವರು ಎದುರಿನವನ ಪಕ್ಕದಲ್ಲಿರುತ್ತಿದ್ದರು. ಹಳೆಯ ವಿಡಿಯೊಗಳನ್ನು ನಾನು ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ. ಎದುರಾಳಿ ಗಾರ್ಡ್ ಇನ್ನೂ ಮೊಣಕಾಲು ಎತ್ತುತ್ತಿದ್ದಾನೆ, ಬಿಳಿ ಅಂಚಿನ ನೇರಳೆ ಜೆರ್ಸಿಯ 88ನೇ ನಂಬರ್ ಆಗಲೇ ಅವನ ಹೆಗಲ ಆಚೆಗಿದೆ.

ಆ ಸಾಲಿನಲ್ಲಿ ಅವರ ಜೊತೆ ಕಾರ್ಲ್ ಎಲ್ಲರ್, ಜಿಮ್ ಮಾರ್ಷಲ್, ಗ್ಯಾರಿ ಲಾರ್ಸನ್. ಜೆರ್ಸಿಯ ಬಣ್ಣ ನೋಡಿ ಜನ ಇಟ್ಟ ಹೆಸರು 'ಪರ್ಪಲ್ ಪೀಪಲ್ ಈಟರ್ಸ್', ನೇರಳೆ ನರಭಕ್ಷಕರು. 'ಕ್ವಾರ್ಟರ್‌ಬ್ಯಾಕ್ ಹತ್ತಿರ ಸಿಗೋಣ' ಅಂತ ತಮ್ಮತಮ್ಮಲ್ಲಿ ಹೇಳಿಕೊಳ್ಳುತ್ತಿದ್ದರಂತೆ, ಹೋಟೆಲಿನ ಹತ್ತಿರ ಸಿಗೋಣ ಅನ್ನುವ ಹಾಗೆ. ಇವರಲ್ಲಿ ಮಾರ್ಷಲ್ ಅವರದು ಬೇರೆಯೇ ಪುರಾಣ. 1964ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬಿದ್ದ ಚೆಂಡೆತ್ತಿಕೊಂಡು 66 ಗಜ ಓಡಿದರು. ಓಡಿದ್ದು ತಮ್ಮದೇ ತಂಡದ ಕಡೆಗೆ! ಗೆದ್ದೆನೆಂದು ಖುಷಿಯಲ್ಲಿ ಚೆಂಡನ್ನು ಆಚೆ ಬೇರೆ ಎಸೆದು ಎದುರಾಳಿಗೆ ಎರಡು ಅಂಕ ಕೊಟ್ಟರು. ಅಷ್ಟಾದರೂ ವೈಕಿಂಗ್ಸ್ ಆ ಪಂದ್ಯ ಗೆದ್ದಿತು. ಮಾರ್ಷಲ್ ಅದರ ನಂತರವೂ ಹದಿನೈದು ವರ್ಷ ತಲೆಯೆತ್ತಿ ಆಡಿದರು. ಇದಕ್ಕೂ ಪೇಜ್ ಕತೆಗೂ ನೇರ ಸಂಬಂಧವಿಲ್ಲ, ಹೇಳದೆ ಇರಲಾಗಲಿಲ್ಲ.

ಕೋಚ್ ಬಡ್ ಗ್ರಾಂಟ್. ಅವರೂ ಪೇಜ್ ಬಂದ 1967ರಲ್ಲೇ ಬಂದವರು. ಬ್ಲೂಮಿಂಗ್ಟನ್‌ನ ಬಯಲು ಕ್ರೀಡಾಂಗಣದಲ್ಲಿ, ಮೂಗಿನ ಸಿಂಬಳ ಗಡ್ಡೆ ಕಟ್ಟುವ ಡಿಸೆಂಬರಿನಲ್ಲೂ ತಮ್ಮ ಆಟಗಾರರ ಬೆಂಚಿನ ಹತ್ತಿರ ಹೀಟರ್ ಇಡಲು ಬಿಡದ ಮನುಷ್ಯ. ಬೆಂಕಿ ಕಾಯಿಸಿಕೊಳ್ಳುವವನ ಗಮನ ಆಟದ ಮೇಲಿರುವುದಿಲ್ಲ ಎಂಬುದು ಅವರ ಲೆಕ್ಕ. ಆ ಕ್ರೀಡಾಂಗಣ ಈಗಿಲ್ಲ. ಆ ಜಾಗದಲ್ಲಿ ಮಾಲ್ ಆಫ್ ಅಮೆರಿಕಾ ಎದ್ದಿದೆ. ಊರಿಂದ ಅಪ್ಪ-ಅಮ್ಮ ಬಂದರೆ ನಾವೆಲ್ಲ ತಪ್ಪದೆ ಕರೆದುಕೊಂಡು ಹೋಗುವ ಜಾಗ. ಒಳಗಿನ ಮಕ್ಕಳ ಆಟದ ಪಾರ್ಕಿನ ನೆಲದಲ್ಲಿ ಹಳೆಯ ಬೇಸ್‌ಬಾಲ್ ಅಂಕಣದ ಗುರುತಿಗೊಂದು ಫಲಕವಿದೆ. ಫುಟ್‌ಬಾಲಿನವರು ಮೊಣಕಾಲೂರಿ ಕಾದ ಗೆರೆ ಎಲ್ಲಿತ್ತು ಅಂತ ಹುಡುಕಿದೆ. ರೋಲರ್ ಕೋಸ್ಟರಿನ ಕೂಗಾಟದ ನಡುವೆ ನನ್ನ ಕಣ್ಣಿಗೆ ಏನೂ ಬೀಳಲಿಲ್ಲ. ಅಮ್ಮ "ಏನೋ ಕಳಕೊಂಡ್ಯೇನೋ" ಅಂದಳು.

1971ರ ವರ್ಷ ಮಾತ್ರ ವಿವರವಾಗಿ ಹೇಳಬೇಕು. ಎನ್‌ಎಫ್‌ಎಲ್ ಎಂಬ ಈ ವೃತ್ತಿಪರ ಲೀಗಿನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಅಂದರೆ ಅಂಕ ತರುವವರ ಸೊತ್ತು. ಎಸೆಯುವವನಿಗೋ ಓಡುವವನಿಗೋ ಹೋಗಬೇಕು. ಆ ವರ್ಷ ಅಸೋಸಿಯೇಟೆಡ್ ಪ್ರೆಸ್ ಅದನ್ನು ಪೇಜ್‌ಗೆ ಕೊಟ್ಟಿತು. ಡಿಫೆನ್ಸ್‌ನ ಆಟಗಾರನಿಗೆ ಅದು ಸಿಕ್ಕಿದ್ದು ಅದೇ ಮೊದಲು. ಅವರ ನಂತರ ಡಿಫೆನ್ಸ್‌ನಿಂದ ಅದನ್ನು ಪಡೆದವರು ಲಾರೆನ್ಸ್ ಟೇಲರ್ ಒಬ್ಬರೇ, 1986ರಲ್ಲಿ. ಡೆಟ್ರಾಯಿಟ್ ಲಯನ್ಸ್ ವಿರುದ್ಧ ಆ ಡಿಸೆಂಬರಿನಲ್ಲಿ ಆಡಿದ ಪಂದ್ಯವನ್ನು ಇವತ್ತಿಗೂ ಜನ ನೆನೆಯುತ್ತಾರೆ. ರೆಫರಿಗಳು ಬೆನ್ನುಬೆನ್ನಿಗೆ ಎರಡು ಪೆನಾಲ್ಟಿ ಹಾಕಿದರು. ಎರಡೂ ಪೇಜ್ ಮೇಲೆ. ಎರಡೂ ಅನ್ಯಾಯ ಅಂತ ಅವರಿಗನಿಸಿತು. ಸಾಮಾನ್ಯವಾಗಿ ಮೌನಿ. ಆವತ್ತು ಮಾತಾಡಲಿಲ್ಲವಾದರೂ, ಮುಂದಿನ ಕೆಲವು ಆಟಗಳಲ್ಲಿ ಲಯನ್ಸ್ ಗೋಡೆ ಕಾಗದದ ಗೋಡೆಯಾಯಿತು. ಒಬ್ಬನೇ ಮನುಷ್ಯ ಮತ್ತೆ ಮತ್ತೆ ನುಗ್ಗಿ ಎದುರಿನವರನ್ನು ಹಿಂದಕ್ಕೆ ಹಿಂದಕ್ಕೆ ತಳ್ಳುವುದನ್ನು ನೋಡಿದಾಗ, ತಪ್ಪು ತೀರ್ಪಿಗೆ ಮೇಲ್ಮನವಿ ಸಲ್ಲಿಸುವ ಬಗೆ ಇದೂ ಒಂದಿರಬಹುದು ಅನಿಸುತ್ತದೆ.

ಇನ್ನು ಸೋಲು. ಸೂಪರ್ ಬೌಲ್ ಅಂದರೆ ಲೀಗಿನ ಫೈನಲ್. ನಾಲ್ಕು ಸೂಪರ್ ಬೌಲ್ ಆಡಿದರು, ನಾಲ್ಕನ್ನೂ ಸೋತರು. 1970ರಲ್ಲಿ ಕನ್ಸಾಸ್ ಸಿಟಿಗೆ, 1974ರಲ್ಲಿ ಮಯಾಮಿಗೆ, 1975ರಲ್ಲಿ ಪಿಟ್ಸ್‌ಬರ್ಗ್‌ಗೆ, 1977ರಲ್ಲಿ ಓಕ್‌ಲ್ಯಾಂಡ್‌ಗೆ. ಮಿನೆಸೋಟದ ಹಳಬರ ಹತ್ತಿರ ಈ ವಿಷಯ ಎತ್ತಬಾರದು. ಎತ್ತಿದರೆ ಕಾಫಿ ಆರಿಹೋಗುತ್ತದೆ.

ಲೆಕ್ಕದ ಪುಸ್ತಕ ಅವರಿಗೆ ಇನ್ನೂ ಒಂದು ಪೆಟ್ಟು ಕೊಟ್ಟಿದೆ. ಲೀಗ್ ಸ್ಯಾಕ್‌ಗಳನ್ನು ಅಧಿಕೃತವಾಗಿ ಎಣಿಸಲು ಶುರುಮಾಡಿದ್ದು 1982ರಲ್ಲಿ. ಪೇಜ್ ಆಟ ಬಿಟ್ಟದ್ದು 1981ರಲ್ಲಿ. ಹದಿನೈದು ವರ್ಷ, 218 ಪಂದ್ಯ, ಒಂದನ್ನೂ ತಪ್ಪಿಸಿಕೊಂಡಿಲ್ಲ. ಅಧಿಕೃತ ಲೆಕ್ಕದಲ್ಲಿ ಕೆಡವಿದ ಕ್ವಾರ್ಟರ್‌ಬ್ಯಾಕ್‌ಗಳು ಸೊನ್ನೆ. ಹಳೆಯ ದಾಖಲೆ ಕೆದಕಿ ಕೂಡಿಸಿದವರು 148.5 ಅನ್ನುತ್ತಾರೆ. ಆ ಅರ್ಧ ಹೇಗೆ ಅಂತ ಕೇಳಿದರೆ, ಇಬ್ಬರು ಸೇರಿ ಒಬ್ಬನನ್ನು ಕೆಡವಿದರೆ ಅರ್ಧರ್ಧ ಪಾಲು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಯಾವುದೂ ಅಲ್ಲ, ಆಟದ ನಡುವೆಯೇ ಅವರು ಮಾಡಿಕೊಂಡ ಬೇರೆ ಬದುಕು.

ಲಾ ಕಾಲೇಜಿಗೆ ಮೊದಲ ಸಲ ಸೇರಿದ್ದು ವೈಕಿಂಗ್ಸ್ ಸೇರಿದ ಆರಂಭದ ವರ್ಷಗಳಲ್ಲಿ. ಕೆಲವೇ ವಾರಗಳಲ್ಲಿ ಬಿಟ್ಟು ಬಂದರು. ಏನೂ ತಲೆಗೆ ಹತ್ತಲಿಲ್ಲವಂತೆ. ವರ್ಷಗಳು ಕಳೆದವು. ಆ ನಡುವೆ ಆಟಗಾರರ ಸಂಘದಲ್ಲಿ ತಂಡದ ಪ್ರತಿನಿಧಿಯಾದರು, ಕಾರ್ಯಕಾರಿ ಸಮಿತಿಗೂ ಹೋದರು. ಆಗಿನ ಲೀಗಿನಲ್ಲಿ ರೋಜೆಲ್ ನಿಯಮ ಅಂತೊಂದಿತ್ತು. ಕರಾರು ಮುಗಿದ ಆಟಗಾರ ಬೇರೆ ತಂಡಕ್ಕೆ ಹೋದರೆ ಆ ತಂಡ ಹಳೆಯ ತಂಡಕ್ಕೆ ಪರಿಹಾರ ಕೊಡಬೇಕು. ಎಷ್ಟು, ಏನು ಅಂತ ಎರಡು ತಂಡ ಒಪ್ಪದಿದ್ದರೆ ಕಮಿಷನರ್ ತೀರ್ಮಾನಿಸುತ್ತಾರೆ. ಆಟಗಾರ ಹೆಸರಿಗೆ ಸ್ವತಂತ್ರ, ಕರೆದುಕೊಳ್ಳುವವರು ಮಾತ್ರ ಯಾರೂ ಇಲ್ಲ. ಇದರ ವಿರುದ್ಧ ಜಾನ್ ಮ್ಯಾಕಿ ಮೊದಲಾದ ಆಟಗಾರರು ಮಿನಿಯಾಪೊಲಿಸ್‌ನ ಫೆಡರಲ್ ಕೋರ್ಟಿನಲ್ಲಿ ಹೂಡಿದ ದಾವೆಯಲ್ಲಿ ಪೇಜ್ ಕೂಡ ವಾದಿ. ಗೆದ್ದರು. 1976ರಲ್ಲಿ ಮೇಲಿನ ಕೋರ್ಟೂ ಆ ನಿಯಮ ಕಾನೂನುಬಾಹಿರವೆಂದಿತು. ಸಂಬಳ ಕೊಡುವ ಮಾಲೀಕರ ಮೇಲೆ ದಾವೆ ಹೂಡಿ, ಭಾನುವಾರ ಅವರದೇ ಜೆರ್ಸಿ ತೊಟ್ಟು ಆಡುವುದು ಹೇಗಿದ್ದಿರಬಹುದು ಅಂತ ಆಗಾಗ ಯೋಚಿಸುತ್ತೇನೆ. ನನ್ನಂಥವನು ಅಪ್ರೈಸಲ್ ಮೀಟಿಂಗಿನಲ್ಲಿ ಕೆಮ್ಮಲಿಕ್ಕೂ ಹೆದರುತ್ತಾನೆ.

ಅಷ್ಟರಲ್ಲಿ ಅವರು ಮತ್ತೆ ಲಾ ಕಾಲೇಜು ಸೇರಿಯಾಗಿತ್ತು. ಈ ಸಲ ಮಿನೆಸೋಟ ವಿಶ್ವವಿದ್ಯಾಲಯ. ತರಗತಿ, ಅಭ್ಯಾಸ, ಪಂದ್ಯ, ಪರೀಕ್ಷೆ ಎಲ್ಲ ಒಟ್ಟಿಗೇ. 1978ರಲ್ಲಿ ಪದವಿ ಬಂತು.

ಓದಿನ ಬಗ್ಗೆ ಅವರು ಹಲವು ಸಲ ಹೇಳಿರುವ ಒಂದು ಪ್ರಸಂಗವಿದೆ. ವೈಕಿಂಗ್ಸ್‌ನ ಡಿಫೆನ್ಸಿವ್ ಲೈನ್ ಮೀಟಿಂಗ್. ಕೋಚ್, ಆಟದ ತಂತ್ರಗಳಿರುವ ಪುಸ್ತಕದಿಂದ ಒಬ್ಬೊಬ್ಬರೂ ಒಂದೊಂದು ಭಾಗ ಗಟ್ಟಿಯಾಗಿ ಓದಬೇಕೆಂದರು. ಸರದಿ ಸುತ್ತುತ್ತಾ ಬಂತು. ಕೆಲವರಿಗೆ ಓದಲು ಬರುತ್ತಿಲ್ಲ. ಅಕ್ಷರ ಕೂಡಿಸಿ ತಡವರಿಸುತ್ತಿದ್ದಾರೆ. ಆ ಕೋಣೆಯಲ್ಲಿ ಕೂತವರೆಲ್ಲ ಹೈಸ್ಕೂಲು ದಾಟಿ, ಕಾಲೇಜು ದಾಟಿ ಬಂದವರು. ಯಾವ ಮೇಷ್ಟರೂ ಅವರನ್ನು ತಡೆದಿರಲಿಲ್ಲ, ಏಕೆಂದರೆ ಶನಿವಾರದ ಪಂದ್ಯಕ್ಕೆ ಅವರು ಬೇಕಾಗಿದ್ದರು. ಎದುರಾಳಿ ಲೈನ್ ಚಿಂದಿ ಮಾಡುವ ಭೀಮಕಾಯರು ಒಂದು ಪ್ಯಾರಾ ಮುಂದೆ ಬೆವರುವುದನ್ನು ಊಹಿಸಿಕೊಳ್ಳಿ. ಆ ಕೋಣೆಯ ಮೌನ ಪೇಜ್ ಅವರನ್ನು ಬಿಟ್ಟು ಹೋಗಲಿಲ್ಲವೆಂದು ಕಾಣುತ್ತದೆ. ಅವರ ಮುಂದಿನ ನಲವತ್ತು ವರ್ಷದ ಕೆಲಸದಲ್ಲಿ ಹೆಚ್ಚಿನದು ಅಲ್ಲಿಂದ ಹೊರಟಿದ್ದು ಅಂತ ನನ್ನ ಅಂದಾಜು.

ಓಟ ಶುರುವಾದದ್ದು ಹೆಂಡತಿಯಿಂದ. ಡಯೇನ್ ಸಿಗರೇಟು ಬಿಡಲೆಂದು ಓಡಲು ಹೊರಟರು, ಗಂಡ ಜೊತೆಗೆ ಹೋದರು. ಚಟ ಗಂಡನಿಗೆ ಅಂಟಿತು, ಓಟದ ಚಟ. ಮೈಲಿ ಏರಿದ ಹಾಗೆ ತೂಕ ಇಳಿಯಿತು. 245 ಪೌಂಡ್ ಇದ್ದವರು 225ರ ಹತ್ತಿರ ಬಂದರು. ಗೋಡೆಯ ನಡುವೆ ನಿಲ್ಲುವವನು ತೆಳ್ಳಗಾಗುವುದೆಂದರೆ ತಂಡದ ಪಾಲಿಗೆ ಕಂಬಕ್ಕೆ ಗೆದ್ದಲು ಹಿಡಿದ ಹಾಗೆ. ಓಡುವವರನ್ನು ತಡೆಯಲು ಈಗ ಆಗುತ್ತಿಲ್ಲ ಎಂದು ಬಡ್ ಗ್ರಾಂಟ್‌ಗೆ ಅನಿಸಿತು. 1978ರ ಅಕ್ಟೋಬರ್‌ನಲ್ಲಿ, ಸೀಸನ್ನಿನ ನಡುವೆಯೇ ಕೈಬಿಟ್ಟರು. ವೇವರ್ ಅಂತ ಒಂದು ವ್ಯವಸ್ಥೆ: ತಂಡ ಬೇಡವೆಂದ ಆಟಗಾರನನ್ನು ಯಾರು ಬೇಕಾದರೂ ಗೊತ್ತುಪಡಿಸಿದ ಬೆಲೆ ಕೊಟ್ಟು ಎತ್ತಿಕೊಳ್ಳಬಹುದು. ಬೆಲೆ 100 ಡಾಲರ್. ಶಿಕಾಗೊ ಬೇರ್ಸ್ ಎತ್ತಿಕೊಂಡಿತು. ಏಳು ವರ್ಷದ ಹಿಂದೆ ಇಡೀ ಲೀಗಿನಲ್ಲೇ ಅತ್ಯಮೂಲ್ಯ ಅನ್ನಿಸಿಕೊಂಡಿದ್ದವರು.

ಗ್ರಾಂಟ್ ಅವರನ್ನು ಖಳನಾಯಕ ಮಾಡುವುದು ಸುಲಭ. ನಾನೂ ಮೊದಮೊದಲು ಮಾಡಿದ್ದೆ. ಆದರೆ ಅವರಿಗೆ ಬೇಕಾಗಿದ್ದುದು ಗೋಡೆ. ಪೇಜ್ ಕೂಡ ಗೋಡೆಯಾಗಿಯೇ ಉಳಿಯುತ್ತೇನೆ ಅಂತ ಬರೆದುಕೊಟ್ಟಿರಲಿಲ್ಲ. ತನ್ನ ಮೈ ಎಷ್ಟು ತೂಗಬೇಕು ಎಂಬುದನ್ನು ತಾನೇ ತೀರ್ಮಾನಿಸುತ್ತೇನೆ ಅನ್ನುವ ಆಟಗಾರ, ಅದು ತನಗೆ ಬಿಟ್ಟದ್ದು ಅನ್ನುವ ಕೋಚ್. ಇಬ್ಬರದೂ ಅವರವರ ಲೆಕ್ಕದಲ್ಲಿ ಸರಿ. ಆ 100 ಡಾಲರ್ ಮಾತ್ರ ಯಾರ ಲೆಕ್ಕದಲ್ಲೂ ಸರಿಹೋಗುವುದಿಲ್ಲ.

ನನ್ನ ಪುಟಾಣಿ ಅನುಭವ ಹೇಳುತ್ತೇನೆ, ಹೋಲಿಕೆಗಲ್ಲ, ನೆನಪಾದ್ದರಿಂದ. ನಲವತ್ತು ದಾಟಿದ ಮೇಲೆ ಒಂದು ಬುಧವಾರ ಹದಿನೈದು ನಿಮಿಷದ ಮೀಟಿಂಗಿಗೆ ಕರೆ ಬಂತು. ಹನ್ನೊಂದು ವರ್ಷ ದುಡಿದ ಜಾಗ. ಎಂಟು ನಿಮಿಷಕ್ಕೆ ಮುಗಿಯಿತು. ಲ್ಯಾಪ್‌ಟಾಪ್ ವಾಪಸ್ ಕಳಿಸಲು ಖಾಲಿ ರಟ್ಟಿನ ಪೆಟ್ಟಿಗೆಯನ್ನು ಅವರೇ ಕೊರಿಯರಿನಲ್ಲಿ ಕಳಿಸಿದರು, ಒಳಗೆ ಟೇಪು ಕೂಡ ಇತ್ತು. ಟೇಪು ಅಂಟಿಸುವಾಗ ಅಡುಗೆಮನೆಯಿಂದ ಹೆಂಡತಿ, "ರೀ, ಅವರ ಟೇಪು ಉಳಿದ್ರೆ ಇಟ್ಕೊಳ್ಳಿ, ಅಷ್ಟಾದ್ರೂ ಸಿಗ್ಲಿ" ಅಂದಳು. ಆವತ್ತು ರಾತ್ರಿ ನನಗೆ ಪೇಜ್ ನೆನಪಾದರು. ಕೈಬಿಟ್ಟ ದಿನ ಅವರ ಹತ್ತಿರ ಲಾ ಪದವಿ ಇತ್ತು. ನನ್ನ ಹತ್ತಿರ ಇನ್ನೂ ಮುಗಿಯದ ಒಂದು ಆನ್‌ಲೈನ್ ಕೋರ್ಸ್.

ಶಿಕಾಗೊದಲ್ಲಿ ಅವರು ಮೂರೂವರೆ ಸೀಸನ್ ಆಡಿದರು, 58 ಪಂದ್ಯ. 'ಮುಗಿದುಹೋದ' ಆಟಗಾರನಿಗೆ ಅದು ಬಹಳವಾಯಿತು. 1979ರಲ್ಲಿ ಡುಲೂತ್‌ನಲ್ಲಿ ಮ್ಯಾರಥಾನ್ ಮುಗಿಸಿ, ವೃತ್ತಿಯಲ್ಲಿದ್ದುಕೊಂಡೇ ಪೂರ್ಣ ಮ್ಯಾರಥಾನ್ ಓಡಿದ ಮೊದಲ ಎನ್‌ಎಫ್‌ಎಲ್ ಆಟಗಾರ ಅನ್ನಿಸಿಕೊಂಡರು. ಸೀಸನ್ ಇಲ್ಲದ ತಿಂಗಳುಗಳಲ್ಲಿ ಮಿನಿಯಾಪೊಲಿಸ್‌ನಲ್ಲಿ ವಕೀಲಿ.

ಇಲ್ಲಿ ಒಂದು ಕಪ್ಪು ಪುಟವನ್ನು ದಾಟಿ ಹೋಗಲಾಗುವುದಿಲ್ಲ. ಪೇಜ್ ಬಿಟ್ಟ ಎರಡು ವರ್ಷಕ್ಕೆ ಅದೇ ಶಿಕಾಗೊ ತಂಡಕ್ಕೆ, ಅದೇ ನಾಟ್ರ ಡೇಮ್‌ನಿಂದ, ಡೇವ್ ಡ್ಯೂರ್ಸನ್ ಬಂದರು. ಅವರೂ ಡಿಫೆನ್ಸ್. ಅವರೂ ಓದಿದವರು, ಆಟದ ನಂತರ ವ್ಯಾಪಾರದಲ್ಲಿ ಹೆಸರು ಮಾಡಿದವರು. 2011ರ ಫೆಬ್ರವರಿಯಲ್ಲಿ, ಐವತ್ತನೇ ವಯಸ್ಸಿನಲ್ಲಿ, ತನ್ನ ಮೆದುಳನ್ನು ಪರೀಕ್ಷೆಗೆ ಕೊಡಿ ಎಂದು ಬರೆದಿಟ್ಟು ಬದುಕು ಮುಗಿಸಿಕೊಂಡರು. ಪರೀಕ್ಷೆಯಲ್ಲಿ ಸಿಟಿಇ ಪತ್ತೆಯಾಯಿತು. ತಲೆಗೆ ವರ್ಷಗಟ್ಟಲೆ ಬಿದ್ದ ಪೆಟ್ಟುಗಳಿಂದ ಮೆದುಳು ಮೆಲ್ಲಗೆ ಸವೆಯುವ ಕಾಯಿಲೆ. ಮರುವರ್ಷ ಸ್ಯಾನ್ ಡಿಯೇಗೊದ ಡಿಫೆನ್ಸ್ ಆಟಗಾರ ಜೂನಿಯರ್ ಸೇಯಾವ್, 43ನೇ ವಯಸ್ಸಿಗೆ, ಅದೇ ರೀತಿ. ಆದ್ದರಿಂದ ಪೇಜ್ ಕತೆಯನ್ನು ಓದು-ಶಿಸ್ತಿನ ನೀತಿಪಾಠ ಮಾಡಿ ಮಕ್ಕಳಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. 218 ಪಂದ್ಯಗಳ ಗುದ್ದಿನ ನಂತರವೂ ಅವರ ತಲೆ ನೆಟ್ಟಗೆ ಉಳಿದದ್ದರಲ್ಲಿ ಅವರ ಪ್ರಯತ್ನವೆಷ್ಟು, ಅದೃಷ್ಟವೆಷ್ಟು? ನಮ್ಮ ಮನೆಗಳಲ್ಲಿ 'ಆಟ ಸಾಕು, ಓದು' ಅಂತ ಬೈಯುತ್ತಾರಲ್ಲ, ಆ ಮಾತಿಗೆ ಪೇಜ್ ಅವರನ್ನು ಸಾಕ್ಷಿಗೆ ಕರೆದರೆ ಡ್ಯೂರ್ಸನ್ ಕಟಕಟೆಯ ಇನ್ನೊಂದು ಬದಿಯಲ್ಲಿ ಬಂದು ನಿಲ್ಲುತ್ತಾರೆ.

ಪೇಜ್ 1985ರಲ್ಲಿ ರಾಜ್ಯದ ಅಟಾರ್ನಿ ಜನರಲ್ ಕಚೇರಿ ಸೇರಿದರು. ಮಿನೆಸೋಟದಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳಿಗೂ ಚುನಾವಣೆ. ನಮಗೆ ವಿಚಿತ್ರ ಅನಿಸುತ್ತದೆ. ಆದರೆ ಹೆಚ್ಚಿನವರು ಅವಧಿ ಮುಗಿಯುವ ಮುಂಚೆ ರಾಜೀನಾಮೆ ಕೊಡುತ್ತಾರೆ, ಗವರ್ನರ್ ತಮಗೆ ಬೇಕಾದವರನ್ನು ಕೂರಿಸುತ್ತಾರೆ, ಚುನಾವಣೆ ಬರೀ ಶಾಸ್ತ್ರಕ್ಕೆ ನಡೆಯುತ್ತದೆ. 1992ರಲ್ಲಿ ಪೇಜ್ ಸ್ಪರ್ಧಿಸಲು ಹೊರಟಾಗ, ಗವರ್ನರ್ ಒಬ್ಬ ಹಾಲಿ ನ್ಯಾಯಮೂರ್ತಿಯ ಅವಧಿ ವಿಸ್ತರಿಸಿ ಆ ಸ್ಥಾನಕ್ಕೆ ಚುನಾವಣೆಯೇ ಇಲ್ಲದಂತೆ ಮಾಡಿದರು. ಪೇಜ್ ಕೋರ್ಟಿಗೆ ಹೋದರು. ಯಾವ ಕೋರ್ಟಿಗೆ? ತಾನು ಸೇರಬೇಕೆಂದಿರುವ ಅದೇ ಸುಪ್ರೀಂ ಕೋರ್ಟಿಗೆ. ಹಾಲಿ ನ್ಯಾಯಮೂರ್ತಿಗಳು ಪಕ್ಕಕ್ಕೆ ಸರಿದು, ಬದಲಿ ನ್ಯಾಯಾಧೀಶರ ಪೀಠ ವಿಚಾರಣೆ ನಡೆಸಿತು. ಚುನಾವಣೆ ನಡೆಯಲೇಬೇಕು ಎಂದಿತು. ನಡೆಯಿತು. ಪೇಜ್ ಗೆದ್ದರು. ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿ ಕೂತ ಮೊದಲ ಕಪ್ಪು ಮನುಷ್ಯ ಅವರು. 1998, 2004, 2010ರಲ್ಲಿ ಮತ್ತೆ ಗೆದ್ದರು. ಎಪ್ಪತ್ತಕ್ಕೆ ಕಡ್ಡಾಯ ನಿವೃತ್ತಿ, ಹಾಗಾಗಿ 2015ರ ಆಗಸ್ಟ್‌ನಲ್ಲಿ ಇಳಿದರು. ಒಟ್ಟು ಇಪ್ಪತ್ತೆರಡು ವರ್ಷ ಚಿಲ್ಲರೆ. ಆಟದ ಹದಿನೈದಕ್ಕಿಂತ ಜಾಸ್ತಿ.

ನಾನು ನಂಬುವುದೇನೆಂದರೆ, ಕೆಲಸ ಎರಡೂ ಕಡೆ ಒಂದೇ ಆಗಿತ್ತು. ಚೆಂಡು ಕೈಯಲ್ಲಿದ್ದವನು ಸುಮ್ಮನೆ ಮುಂದೆ ಹೋಗಿಬಿಡದಂತೆ ನೋಡಿಕೊಳ್ಳುವುದು. ಲೀಗಾಗಲಿ, ಗವರ್ನರ್ ಆಗಲಿ. ಗೆಳೆಯನಿಗೆ ಹೇಳಿದರೆ "ನೀನು ಜಾಸ್ತಿ ಯೋಚಿಸ್ತೀಯ" ಅಂದ. ಇರಬಹುದು.

1988ರಲ್ಲಿ ಕ್ಯಾಂಟನ್‌ನ ಆ ಸಮಾರಂಭಕ್ಕೆ ತಮ್ಮನ್ನು ಪರಿಚಯಿಸಲು ಆಟಗಾರರು ಸಾಮಾನ್ಯವಾಗಿ ಹಳೆಯ ಕೋಚನ್ನೋ ಜೊತೆ ಆಡಿದವರನ್ನೋ ಕರೆಯುತ್ತಾರೆ. ಪೇಜ್ ಕರೆದದ್ದು ಮಿನಿಯಾಪೊಲಿಸ್‌ನ ಒಂದು ಹೈಸ್ಕೂಲಿನ ಪ್ರಿನ್ಸಿಪಾಲರನ್ನು, ವಿಲರೀನ್ ಬೀಸ್ಲಿ ಎಂಬ ಕಪ್ಪು ಮಹಿಳೆಯನ್ನು. ಭಾಷಣದಲ್ಲೂ ಆಟ ಹೆಚ್ಚು ಬರಲಿಲ್ಲ, ಶಾಲೆ ಬಂತು. ಅದೇ ವರ್ಷ ಗಂಡ ಹೆಂಡತಿ ಸೇರಿ ವಿದ್ಯಾರ್ಥಿವೇತನದ ಪ್ರತಿಷ್ಠಾನ ತೆರೆದರು. ಅದರ ಷರತ್ತು ನನಗೆ ಬಹಳ ಇಷ್ಟ. ಕಾಲೇಜಿಗೆ ದುಡ್ಡು ಪಡೆದವರು ಚಿಕ್ಕ ಮಕ್ಕಳಿಗೆ ಪಾಠ ಹೇಳಿಕೊಡಬೇಕು. ಆ ಮೀಟಿಂಗ್ ಕೋಣೆಯ ಮೌನ ಮತ್ತೆ ಹುಟ್ಟದಿರಲಿ ಅಂತ ಇರಬೇಕು. ನಿವೃತ್ತಿಯ ನಂತರವೂ ಬಿಡಲಿಲ್ಲ. 2020ರಲ್ಲಿ ಮಿನಿಯಾಪೊಲಿಸ್ ಫೆಡರಲ್ ರಿಸರ್ವ್ ಬ್ಯಾಂಕಿನ ಮುಖ್ಯಸ್ಥ, ಕಾಶ್ಮೀರಿ ಮೂಲದ ನೀಲ್ ಕಶ್ಕರಿ ಜೊತೆ ಸೇರಿ, ಗುಣಮಟ್ಟದ ಶಿಕ್ಷಣ ಪ್ರತಿ ಮಗುವಿನ ಹಕ್ಕು ಎಂದು ರಾಜ್ಯ ಸಂವಿಧಾನಕ್ಕೆ ಸೇರಿಸಬೇಕೆಂದು ಹೊರಟರು. ನಮ್ಮ ದೇಸಿ ವಾಟ್ಸಾಪ್ ಗುಂಪುಗಳಲ್ಲಿ ಆಗ ಕಶ್ಕರಿ ಹೆಸರು ಓಡಾಡಿತು, ಪೇಜ್ ಯಾರೆಂದು ಕೇಳಿದವರು ಕಡಿಮೆ. ಪ್ರಸ್ತಾವ ಜನರ ಮತಕ್ಕೆ ಹೋಗುವ ಹಂತ ಮುಟ್ಟಲಿಲ್ಲ.

2018ರ ಚಳಿಗಾಲದಲ್ಲಿ ಪೇಜ್ ದಂಪತಿ ಕೂಡಿಟ್ಟ ವಸ್ತುಗಳ ಪ್ರದರ್ಶನ ಮಿನಿಯಾಪೊಲಿಸ್ ಸೆಂಟ್ರಲ್ ಲೈಬ್ರರಿಯಲ್ಲಿ ನಡೆಯಿತು. ಗುಲಾಮಗಿರಿಯ ಕಾಲದಿಂದ ಈಚಿನವರೆಗಿನ ಸಾಕ್ಷ್ಯಗಳು. ಕಪ್ಪು ಜನಕ್ಕೆ ಬೇರೆ ಜಾಗ ತೋರಿಸುವ ಬೋರ್ಡುಗಳು, ಲಿಂಕನ್ ಅಂತ್ಯಯಾತ್ರೆಯ ಕಾಲದ ಒಂದು ಬಟ್ಟೆ ಬ್ಯಾನರ್. ಬೋರ್ಡಿನ ಮುಂದೆ ಬಹಳ ಹೊತ್ತು ನಿಂತಿದ್ದೆ. ನಮ್ಮೂರ ಹೋಟೆಲಿನಲ್ಲಿ ಕೆಲವರ ಲೋಟವನ್ನು ಹೊರಗಿನ ಗೂಡಿನಲ್ಲಿ ಬೇರೆಯಾಗಿ ಇಡುತ್ತಿದ್ದರು. ಬೋರ್ಡು ಬೇಕಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಡಯೇನ್ ಆ ಸೆಪ್ಟೆಂಬರ್‌ನಲ್ಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡರು. ಎರಡು ತಿಂಗಳಿಗೆ ಪೇಜ್‌ಗೆ ದೇಶದ ಅತ್ಯುನ್ನತ ನಾಗರಿಕ ಗೌರವ, ಪ್ರೆಸಿಡೆನ್ಶಿಯಲ್ ಮೆಡಲ್ ಆಫ್ ಫ್ರೀಡಮ್ ಬಂತು. ಅದರ ಹಿಂದಿನ ವರ್ಷ ಮಿನಿಯಾಪೊಲಿಸ್‌ನ ಒಂದು ಸರಕಾರಿ ಮಾಧ್ಯಮಿಕ ಶಾಲೆಯ ಮಕ್ಕಳು, ಡಕೋಟ ಮೂಲನಿವಾಸಿಗಳನ್ನು ನಿರ್ನಾಮ ಮಾಡಬೇಕೆಂದಿದ್ದ ಹಳೆಯ ಗವರ್ನರನ ಹೆಸರು ತಮ್ಮ ಶಾಲೆಗೆ ಬೇಡವೆಂದು ಪಟ್ಟುಹಿಡಿದು, ಜಸ್ಟಿಸ್ ಪೇಜ್ ಹೆಸರಿಡಿಸಿಕೊಂಡಿದ್ದರು. ನೆರೆಯ ಹುಡುಗಿಯೊಬ್ಬಳು ಅಲ್ಲಿ ಓದುತ್ತಾಳೆ. ಅವಳಿಗೆ ಪೇಜ್ ಅಂದರೆ ಬೋ ಟೈ ಕಟ್ಟುವ ಜಡ್ಜ್ ತಾತ. ಫುಟ್‌ಬಾಲ್ ಆಡಿದ್ದರು ಅಂದರೆ "ಹೌದಾ?" ಅಂದಳು, ಅಷ್ಟೇ.

ಮಕ್ಕಳಿಗೆ ಅವರ ಬಗ್ಗೆ ಇರುವ ದೊಡ್ಡ ಕುತೂಹಲ ಒಂದು ಬೆರಳು. ಮೈದಾನದಲ್ಲಿ ಮತ್ತೆ ಮತ್ತೆ ಕೀಲು ತಪ್ಪಿ ಅವರ ಒಂದು ಕಿರುಬೆರಳು ಪಕ್ಕಕ್ಕೆ ತಿರುಗಿ ನಿಂತುಬಿಟ್ಟಿದೆ. ಓರೆ ಅನ್ನುವಷ್ಟಲ್ಲ, ಪೂರ್ತಿ ಅಡ್ಡ, ಉಳಿದ ಬೆರಳುಗಳು ಉತ್ತರ ಅಂದರೆ ಇದು ಪೂರ್ವ. ಶಾಲೆಗಳಿಗೆ ಹೋದರೆ ಮಕ್ಕಳು ಮೊದಲು ಅದನ್ನೇ ನೋಡುತ್ತಾರಂತೆ. ಶಿಕ್ಷಕಿಯಾದ ಮಗಳು ಕೇಮಿ ಜೊತೆ ಕೂತು ಆ ಬೆರಳಿನ ಮೇಲೇ ಒಂದು ಮಕ್ಕಳ ಪುಸ್ತಕ ಬರೆದಿದ್ದಾರೆ.

ಆವತ್ತು ರಸ್ತೆ ಬದಿಯಲ್ಲಿ ನಾನು ಆ ಬೆರಳನ್ನು ಗಮನಿಸಿರಲಿಲ್ಲ. ಗೆಳೆಯ ಬೆವರುತ್ತಾ ಬಂದ, ಕೈ ಬೀಸಿದ, ಹೋದ. ನಾನು ಕಾಫಿ ಆರಿದ ಲೋಟ ಹಿಡಿದು ಇನ್ನೂ ಸ್ವಲ್ಪ ಹೊತ್ತು ಆ ಭೋಂಕಾರ ಕೇಳುತ್ತಾ ನಿಂತೆ. ಆಮೇಲೆ ಒಂದು ದಿನ ಸೂಸಫೋನ್ ನುಡಿಸುವ ಕ್ರಮ ಹುಡುಕಿ ಓದಿದೆ. ಅದಕ್ಕೆ ಸಾಮಾನ್ಯವಾಗಿ ಮೂರೇ ಕೀಲಿ. ತೋರುಬೆರಳು, ನಡುಬೆರಳು, ಉಂಗುರಬೆರಳು ಸಾಕು. ಕಿರುಬೆರಳಿಗೆ ಅಲ್ಲಿ ಕೆಲಸವಿಲ್ಲ.